ತಂಬಿಟ್ಟಿನ ಆರತಿ

ಅಕ್ಕಿಹಿಟ್ಟು, ಬೆಲ್ಲ ಕಲಸಿದ ತಂಬಿಟ್ಟನ್ನು ತಟ್ಟೆಯ ನಡುವೆ ಗೋಪುರವಾಗಿ ನಿಲ್ಲಿಸಿ, ಅದರ ನೆತ್ತಿಯಲ್ಲಿ ದೀಪ ಹಚ್ಚಿ, ಸುತ್ತಲೂ ಹೂವು ಎಲೆಗಳಿಂದ ಸಿಂಗರಿಸಿ ಗ್ರಾಮದೇವತೆಗೆ ಬೆಳಗುವ ಆರತಿ. ಚಿತ್ರದುರ್ಗ, ತುಮಕೂರು, ಹಾಸನ, ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮಾರಮ್ಮ, ಹಟ್ಟಿ ಮಾರಮ್ಮ, ದುರ್ಗಮ್ಮ, ಚೌಡಮ್ಮ ಮೊದಲಾದ ದೇವತೆಗಳ ಹಬ್ಬ, ಜಾತ್ರೆಗಳಲ್ಲಿ ಇದು ಕಾಣಸಿಗುತ್ತದೆ. ಕಟ್ಟುವವರು, ಹೊರುವವರು, ಬೆಳಗುವವರು ಎಲ್ಲರೂ ಹೆಂಗಸರೇ. ಹಬ್ಬದ ದಿನ ಮನೆಯ ನಡುಮನೆಯಲ್ಲಿ, ಮಣೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇರಿಸುವ ಈ ಆರತಿ ಹೊತ್ತು ಮುಳುಗುವಷ್ಟರಲ್ಲಿ ಗುಡಿ ಸೇರುತ್ತದೆ, ರಾತ್ರಿಯೊಳಗೆ ಪ್ರಸಾದವಾಗಿ ಮುಗಿಯುತ್ತದೆ. ಹೂವು, ಎಲೆ, ಕಡ್ಡಿ ಬಿಟ್ಟರೆ ಇದರಲ್ಲಿ ಉಳಿಯುವ ವಸ್ತುವೇ ಇಲ್ಲ. ಅಲಂಕಾರ, ಹರಕೆ, ಊಟ ಮೂರೂ ಒಂದೇ ತಟ್ಟೆಯಲ್ಲಿ ಕೂಡಿರುವುದು ಇದರ ಹೆಚ್ಚುಗಾರಿಕೆ. ಉಳಿಯದ ಕಲೆಯಾದ್ದರಿಂದ ವಸ್ತುಸಂಗ್ರಹಾಲಯಗಳಿಗೆ ಇದನ್ನು ಸೇರಿಸಲಾಗದು. ಕಟ್ಟುವ ಕೈಗಳ ಅಭ್ಯಾಸದಲ್ಲಿ ಮಾತ್ರ ಇದು ಬದುಕಿದೆ.

ನೆಲೆ ಮತ್ತು ಹಿನ್ನೆಲೆ

ಈ ಆರತಿಯ ಪರಂಪರೆ ಗಟ್ಟಿಯಾಗಿರುವ ಪ್ರದೇಶಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯೂ ಒಂದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಶೇಂಗಾ, ಈರುಳ್ಳಿ, ನವಣೆ, ಸಜ್ಜೆ, ರಾಗಿ ಇಲ್ಲಿನ ಬೆಳೆ. ಕುರಿ ಸಾಕಣೆ, ಕಂಬಳಿ ನೇಯ್ಗೆ, ಶೇಂಗಾ ಎಣ್ಣೆಯ ಗಿರಣಿಗಳು ಚಳ್ಳಕೆರೆಗೆ ಹೆಸರು ತಂದಿವೆ. ಮೊಳಕಾಲ್ಮೂರಿಗೆ ಅಲ್ಲಿನ ರೇಷ್ಮೆ ಸೀರೆ ಹೆಸರು ತಂದಿದೆ. ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಪೂರ್ವಕ್ಕೆ ಆಂಧ್ರಪ್ರದೇಶದ ರಾಯದುರ್ಗ, ಕಲ್ಯಾಣದುರ್ಗಗಳ ಕಡೆಯ ಊರುಗಳಿದ್ದು, ಗಡಿಯ ಎರಡೂ ಬದಿಯ ಜನ ಕನ್ನಡ, ತೆಲುಗು ಎರಡನ್ನೂ ಆಡುತ್ತಾರೆ. ನಂಟಸ್ತಿಕೆ, ಸಂತೆ, ಜಾತ್ರೆಗಳು ಗಡಿ ದಾಟಿ ನಡೆಯುತ್ತವೆ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಈ ಸೀಮೆಯ ದೊಡ್ಡ ಯಾತ್ರಾಸ್ಥಳ. ಮಳೆಗಾಲದ ನಡುವೆ, ಶ್ರಾವಣದ ಆಚೀಚೆ ಮಂಗಳವಾರದಂದು ಇಲ್ಲಿ ನೆರೆಯುವ ಮಾರಮ್ಮನ ಜಾತ್ರೆಗೆ ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಅಪಾರ ಜನ ಸೇರುತ್ತಾರೆ. ದೇವಿಯ ಉತ್ಸವಮೂರ್ತಿ ಊರ ಹೊರಗಿನ ಬಯಲಿಗೆ ಬರುವಾಗ ಭಕ್ತರು ಹೊಸ ಬೆಳೆಯ ಈರುಳ್ಳಿಯನ್ನು ತೂರಿ ಹರಕೆ ತೀರಿಸುವುದು ಈ ಜಾತ್ರೆಯ ಪ್ರಸಿದ್ಧ ಆಚರಣೆ. ಜಾತ್ರೆಯ ಹೊತ್ತಿಗೆ ಮುಂಗಾರು ಈರುಳ್ಳಿ ಹೊಲದಿಂದ ಮನೆಗೆ ಬರುತ್ತಿರುತ್ತದೆ. ಬೆಳೆಯ ಮೊದಲ ಪಾಲು ದೇವಿಗೆ ಸಲ್ಲಬೇಕೆಂಬ ನಂಬಿಕೆ ಇದರ ಹಿಂದಿದೆ. ಆರತಿಯ ಹಿಂದಿರುವುದೂ ಇದೇ ನಂಬಿಕೆ. ಮನೆಗೆ ಬಂದ ಧಾನ್ಯದ ಒಂದು ಪಾಲನ್ನು ಕುಟ್ಟಿ, ಸಿಹಿ ಬೆರೆಸಿ, ಬೆಳಕು ಹಚ್ಚಿ ಒಪ್ಪಿಸುವುದು ಇದರ ತಿರುಳು. ತೂರಿದ ಈರುಳ್ಳಿ ಬೇಸಾಯಗಾರರ ಕಾಣಿಕೆಯಾದರೆ, ಹೊತ್ತು ತಂದ ಆರತಿ ಮನೆಯೊಡತಿಯರ ಕಾಣಿಕೆ.

ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು, ಒಕ್ಕಲಿಗರು, ಲಿಂಗಾಯತರು, ಪರಿಶಿಷ್ಟ ಜಾತಿಗಳವರು ಮೊದಲಾಗಿ ಇಲ್ಲಿನ ಹಲವು ಸಮುದಾಯಗಳಿಗೆ ತಮ್ಮ ತಮ್ಮ ಹಟ್ಟಿ, ಗುಡಿಕಟ್ಟು, ಮನೆದೇವರುಗಳಿವೆ. ಆರತಿಯಂತೆಯೇ ಶಿಖರ ಕಟ್ಟುವುದು ಈ ಸಮುದಾಯಗಳ ಬೇರೆ ಆಚರಣೆಯಲ್ಲೂ ಕಾಣುತ್ತದೆ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಕ್ಯಾತೆದೇವರ ಜಾತ್ರೆಯಲ್ಲಿ ಮುಳ್ಳಿನ ಪೊದೆಗಳಿಂದಲೇ ಗುಡಿ ಕಟ್ಟಿ, ಅದರ ತುದಿಗೆ ಕಳಶವಿಟ್ಟು, ಹರಕೆ ಹೊತ್ತ ಗಂಡಸರು ಬರಿಗಾಲಲ್ಲಿ ಮುಳ್ಳು ತುಳಿದು ಹತ್ತಿ ಆ ಕಳಶವನ್ನು ಇಳಿಸುತ್ತಾರೆ. ಅಲ್ಲಿ ಗಂಡಸರು ಜಾತ್ರೆಗೊಂದು ಶಿಖರ ಕಟ್ಟಿದರೆ, ಆರತಿಯಲ್ಲಿ ಹೆಂಗಸರು ಮನೆಗೊಂದು ಶಿಖರ ಕಟ್ಟುತ್ತಾರೆ.

ಸಂದರ್ಭಗಳು

ವಾರ್ಷಿಕ ಜಾತ್ರೆ ಮುಖ್ಯ ಸಂದರ್ಭ. ಮಂಗಳವಾರ, ಶುಕ್ರವಾರಗಳು ಹೆಣ್ಣು ದೇವತೆಗಳ ವಾರಗಳಾದ್ದರಿಂದ ಆರತಿಗಳು ಹೆಚ್ಚಾಗಿ ಆ ದಿನಗಳಲ್ಲೇ ಹೊರಡುತ್ತವೆ. ಮಳೆ ತಡವಾದಾಗ, ದನಕರುಗಳಿಗೆ ಬೇನೆ ಬಂದಾಗ, ಮಕ್ಕಳಿಗೆ ಅಮ್ಮ ಬಂದು ಇಳಿದಾಗ ಊರವರು ಅಥವಾ ಮನೆಯವರು ಆರತಿ ಹೊರುವ ಹರಕೆ ಹೊರುತ್ತಾರೆ. ಸಿಡುಬನ್ನು ದೇವಿಯ ಆಗಮನವೆಂದೇ ಕಂಡಿದ್ದ ಕಾಲದಲ್ಲಿ ತಂಪು ಪದಾರ್ಥಗಳು, ಬೇವಿನ ಸೊಪ್ಪು, ಹಸಿ ತಂಬಿಟ್ಟು ಆಕೆಯನ್ನು ತಣಿಸುತ್ತವೆ ಎಂಬ ನಂಬಿಕೆ ಬೇರೂರಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದಲೇ ತೊಲಗಿದೆಯೆಂದು ಸಾರಿತು. ರೋಗ ಹೋದರೂ ಹರಕೆ ನಿಂತಿಲ್ಲ. ಮಕ್ಕಳ ಆರೋಗ್ಯ, ಮದುವೆ, ಕೆಲಸ, ಕೊಳವೆಬಾವಿಯಲ್ಲಿ ನೀರು ಹೀಗೆ ಹರಕೆಯ ಕಾರಣಗಳು ಬದಲಾಗಿವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ದೇವಿಗೆ ಆರತಿ ತರುವುದು ಹಲವು ಊರುಗಳಲ್ಲಿ ಕಟ್ಟಳೆ. ಇದರಿಂದ ಜಾತ್ರೆ ಹೆಣ್ಣುಮಕ್ಕಳು ತವರಿಗೆ ಬರುವ ದಿನವೂ ಆಗುತ್ತದೆ.

ಹಿಟ್ಟು

ಆರತಿಗೆ ಬಳಸುವುದು ಹಸಿ ತಂಬಿಟ್ಟು. ಹುರಿದ ಅಕ್ಕಿ, ಹುರಿಗಡಲೆ, ಶೇಂಗಾ, ಎಳ್ಳು, ಕೊಬ್ಬರಿಗಳನ್ನು ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟುವ ತಂಬಿಟ್ಟು ಬೇರೆ. ಅದು ಶಿವರಾತ್ರಿಯ ನೈವೇದ್ಯಕ್ಕೆ, ಬುತ್ತಿಗೆ ಆಗುತ್ತದೆ, ವಾರಗಟ್ಟಲೆ ಇರುತ್ತದೆ. ಆರತಿಯ ತಂಬಿಟ್ಟಿಗೆ ಒಲೆಯ ಸಂಪರ್ಕವೇ ಇಲ್ಲ. ಹಳೆ ಮೈಸೂರಿನ ಕಡೆ ನಾಗರಪಂಚಮಿಗೆ ಎಳ್ಳಿನ ಚಿಗಳಿಯ ಜೊತೆ ಎಡೆಯಿಡುವುದೂ ಈ ಬಗೆಯದನ್ನೇ.

ಮನೆ ಸಾರಿಸಿ, ಮೈ ತೊಳೆದು, ಮಡಿಯಲ್ಲಿ ಕೆಲಸ ಆರಂಭವಾಗುತ್ತದೆ. ಆರತಿಗೆಂದು ತೆಗೆದಿಟ್ಟ ಅಕ್ಕಿ ಮೀಸಲು. ಅದರ ಹಿಟ್ಟನ್ನು ಯಾರೂ ಬಾಯಿಗೆ ಹಾಕಿ ನೋಡುವಂತಿಲ್ಲ. ಅಕ್ಕಿಯನ್ನು ತೊಳೆದು ಎರಡು ಮೂರು ತಾಸು ನೆನೆಸಿ, ನೀರು ಬಸಿದು, ಬಿಳಿ ಬಟ್ಟೆಯ ಮೇಲೆ ನೆರಳಲ್ಲಿ ಹರವುತ್ತಾರೆ. ಈ ಹಂತದಲ್ಲಿ ಕಣ್ಣು, ಕೈ ಎರಡೂ ಚುರುಕಾಗಿರಬೇಕು. ಅಕ್ಕಿ ಪೂರಾ ಒಣಗಿದರೆ ಹಿಟ್ಟು ಹಿಡಿತಕ್ಕೆ ಬರುವುದಿಲ್ಲ, ತೇವ ಹೆಚ್ಚು ಉಳಿದರೆ ಗೋಪುರ ಕುಸಿಯುತ್ತದೆ. ಹಿಡಿಯಲ್ಲಿ ಅಮುಕಿದಾಗ ಕಾಳು ಅಂಗೈಗೆ ಅಂಟಿ, ಕೊಡವಿದರೆ ಉದುರುವಂತಿದ್ದರೆ ಕುಟ್ಟಲು ಹದ. ಹಿಂದೆ ಒರಳಿಗೆ ಸುರಿದು ಇಬ್ಬರು ಮೂವರು ಒನಕೆ ಹಾಕುತ್ತಿದ್ದರು. ಕುಟ್ಟಿದ್ದನ್ನು ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಒರಳಿಗೆ ಹಾಕುತ್ತಿದ್ದರು. ಈಗ ಹೆಚ್ಚಿನವರು ಮಿಲ್ಲಿಗೆ ಹೋಗುತ್ತಾರೆ. ಮೀಸಲು ಕೆಡದಂತೆ ಮೊದಲು ತಮ್ಮ ಅಕ್ಕಿಯನ್ನೇ ಬೀಸಿಕೊಡಲು ಕೇಳಿಕೊಳ್ಳುತ್ತಾರೆ, ಇಲ್ಲವೇ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತಾರೆ.

ಬೆಲ್ಲವನ್ನು ನುಣ್ಣಗೆ ಹೆರೆದು ಹಿಟ್ಟಿಗೆ ಸೇರಿಸುತ್ತಾರೆ. ಅಳತೆ ಮನೆಯಿಂದ ಮನೆಗೆ ಬೇರೆ. ಹಿಟ್ಟಿನ ಅರ್ಧದಿಂದ ಮುಕ್ಕಾಲು ಪಾಲು ಬೆಲ್ಲ ರೂಢಿ. ಬೆಲ್ಲಕ್ಕೆ ತೇವವನ್ನು ಎಳೆದುಕೊಳ್ಳುವ ಗುಣವಿರುವುದರಿಂದ ನಾದಿದಂತೆಲ್ಲ ಹಿಟ್ಟಿನ ಪಸೆಯಲ್ಲಿ ಅದು ಕರಗುತ್ತ, ಪ್ರತಿ ಕಣಕ್ಕೂ ಅಂಟಾಗಿ ಸುತ್ತಿಕೊಳ್ಳುತ್ತದೆ. ನೀರು ಹಾಕದೆ ಬರೀ ನಾದುವುದರಲ್ಲೇ ಮುದ್ದೆ ಕೂಡಿಬರಬೇಕೆನ್ನುವುದು ಹಿರಿಯರ ಪಾಠ. ಬೇಕೆನಿಸಿದರೆ ಕೈಗೆ ತುಪ್ಪ ಸವರಿಕೊಳ್ಳುತ್ತಾರೆ, ಏಲಕ್ಕಿ ಪುಡಿ ಸೇರಿಸುತ್ತಾರೆ. ಬೆಲ್ಲ ಹಳತಾಗಿ ಜಿನುಗುತ್ತಿದ್ದರೆ ಕಡಿಮೆ ಹಾಕಬೇಕು. ಬಯಲುಸೀಮೆಯಲ್ಲಿ ನವಣೆಯಿಂದಲೂ ತಂಬಿಟ್ಟು ಮಾಡುತ್ತಾರೆ. ಅಕ್ಕಿ ಹೊರಗಿನಿಂದ ಕೊಳ್ಳಬೇಕಾಗಿದ್ದ ಊರುಗಳಿಗೆ ನವಣೆ ಸ್ವಂತ ಹೊಲದ ಬೆಳೆ. ಅದರ ತಂಬಿಟ್ಟಿಗೆ ಹಳದಿ ಛಾಯೆಯೂ ಹುಲ್ಲಿನಂಥ ಕಂಪೂ ಇರುತ್ತದೆ.

ಕಟ್ಟುವ ಕ್ರಮ

ಹಿತ್ತಾಳೆಯ ತಟ್ಟೆ ಅಥವಾ ಬಿದಿರಿನ ಪುಟ್ಟಿ ಆರತಿಯ ತಳ. ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ವೀಳ್ಯದೆಲೆ ಅಥವಾ ಬಾಳೆ ಎಲೆಯ ತುಂಡು ಹಾಸಿ, ಮುದ್ದೆಯನ್ನು ನಡುವಿಗೆ ಕೂರಿಸುತ್ತಾರೆ. ಅಕ್ಕಿಯ ಹಾಸು ಎರಡು ಕೆಲಸ ಮಾಡುತ್ತದೆ: ಮುದ್ದೆ ಜಾರದಂತೆ ಹಿಡಿಯುತ್ತದೆ, ಸುತ್ತ ಚುಚ್ಚುವ ಕಡ್ಡಿಗಳಿಗೆ ಆಸರೆಯಾಗುತ್ತದೆ. ಬಲಗೈ ಮುದ್ದೆಯನ್ನು ಒತ್ತುತ್ತ, ಎಡಗೈ ತಟ್ಟೆಯನ್ನು ನಿಧಾನವಾಗಿ ತಿರುಗಿಸುತ್ತ, ಬುಡ ಅಗಲವಾಗಿ ತುದಿ ಕಿರಿದಾಗುವಂತೆ ಎಬ್ಬಿಸುತ್ತಾರೆ. ಬುಡ ಎತ್ತರಕ್ಕಿಂತ ಕಿರಿದಾದರೆ ನಡೆಯುವಾಗ ಆರತಿ ಓಲಾಡುತ್ತದೆ. ಕೈಯ ಅಡಿಭಾಗದಿಂದ ಗಟ್ಟಿಸಿ, ಕೊನೆಯಲ್ಲಿ ಒದ್ದೆ ಬೆರಳಿನಿಂದ ಮೈ ಸವರಿ ನುಣುಪು ಮಾಡುತ್ತಾರೆ.

ದೀಪದ ಗುಂಡಿ ತೆಗೆಯುವುದು ಕಟ್ಟುವಿಕೆಯ ನಾಜೂಕಾದ ಭಾಗ. ಗೋಪುರದ ನೆತ್ತಿಗೆ ಹೆಬ್ಬೆರಳನ್ನು ನೇರ ಇಳಿಸಿ, ಒಳಗೇ ಸುತ್ತಿ, ಒಂದು ಅಂಗುಲದಷ್ಟು ಆಳದ ಬಟ್ಟಲು ಮಾಡುತ್ತಾರೆ. ಅಂಚು ತೆಳುವಾದರೆ ಬೆಂಕಿಯ ಕಾವಿಗೆ ಬಿರಿದು ತುಪ್ಪ ಹರಿಯುತ್ತದೆ. ಆದ್ದರಿಂದ ಅಂಚನ್ನು ಬೆರಳ ದಪ್ಪಕ್ಕೆ ಬಿಡುತ್ತಾರೆ. ಬಟ್ಟಲಿನ ಒಳಮೈಗೆ ಮೊದಲೇ ಗಟ್ಟಿ ತುಪ್ಪ ಸವರಿದರೆ ಹಿಟ್ಟು ಅದನ್ನು ಕುಡಿದು ತಣಿಯುತ್ತದೆ, ಆಮೇಲೆ ಸುರಿದ ತುಪ್ಪ ದೀಪಕ್ಕೇ ಉಳಿಯುತ್ತದೆ. ಹತ್ತಿಯನ್ನು ಹೊಸೆದು ನಿಲ್ಲಿಸಿದ ಹೂಬತ್ತಿ ಇದಕ್ಕೆ ಒಗ್ಗುತ್ತದೆ, ಅಡ್ಡ ಬತ್ತಿಗಿಂತ ಅದರ ಜ್ವಾಲೆ ನೆಟ್ಟಗೆ ನಿಲ್ಲುತ್ತದೆ. ದೀಪ ಉರಿದಷ್ಟೂ ಬಟ್ಟಲಿನ ಅಂಚಿನ ಬೆಲ್ಲ ಕಂದುಗಟ್ಟಿ, ಹಿಟ್ಟು ಬೆಂದು, ತುಪ್ಪದೊಡನೆ ಬೆರೆತ ಸುಟ್ಟ ಸಿಹಿಯ ಕಂಪು ಏಳುತ್ತದೆ. ಪ್ರಸಾದ ಹಂಚುವಾಗ ಮಕ್ಕಳು ಹಟ ಹಿಡಿದು ಕೇಳುವುದು ಈ ನೆತ್ತಿಯ ತುಂಡನ್ನೇ.

ಒಂದೇ ದೀಪದ ಆರತಿ ಸಾಮಾನ್ಯ. ದೊಡ್ಡ ಹರಕೆಯಾದರೆ ನಡುವಿನ ಗೋಪುರದ ಸುತ್ತ ಸಣ್ಣ ಉಂಡೆಗಳನ್ನಿಟ್ಟು ಮೂರು, ಐದು ಹೀಗೆ ಬೆಸ ಸಂಖ್ಯೆಯ ದೀಪಗಳನ್ನು ಹಚ್ಚುತ್ತಾರೆ. ಹರಕೆಗೆ ಎಷ್ಟು ಸೇರು ಅಕ್ಕಿ ಹೇಳಿಕೊಂಡಿದ್ದರೋ ಅಷ್ಟರದ್ದೇ ಆರತಿಯಾಗಬೇಕು. ಹೀಗಾಗಿ ಆರತಿಯ ಗಾತ್ರ ನೋಡಿದರೆ ಹರಕೆಯ ಗಾತ್ರ ತಿಳಿಯುತ್ತದೆ.

ಹೂವಿನ ಸಿಂಗಾರ

ತಂಬಿಟ್ಟಿನ ಗೋಪುರಕ್ಕೆ ಮೊದಲು ಅರಿಸಿನ, ಕುಂಕುಮದ ಬೊಟ್ಟು. ಬಳಿಕ ಬುಡದಿಂದ ಮೇಲಕ್ಕೆ ಹೂವು. ಚೆಂಡುಹೂವು, ಸೇವಂತಿಗೆ, ಕನಕಾಂಬರ, ಮಲ್ಲಿಗೆ, ಕಣಗಿಲೆ ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುವ ಹೂಗಳು. ಅಡಿಕೆ ತೋಟಗಳಿರುವ ಹೊಳಲ್ಕೆರೆ, ಹೊಸದುರ್ಗದ ಕಡೆ ಹೊಂಬಾಳೆಯನ್ನು ಬಿಡಿಸಿ ನಿಲ್ಲಿಸುತ್ತಾರೆ. ಅದರ ಕೆನೆಬಣ್ಣದ ಎಸಳುಗಳು ದೀಪದ ಬೆಳಕಲ್ಲಿ ಚೆನ್ನಾಗಿ ಕಾಣುತ್ತವೆ. ಒಣ ಸೀಮೆಯ ಊರುಗಳಲ್ಲಿ ಹೊಂಬಾಳೆಯ ಜಾಗವನ್ನು ಬೇವಿನ ಚಿಗುರು ತುಂಬುತ್ತದೆ. ಬೇವು ಮಾರಮ್ಮನಿಗೆ ಪ್ರಿಯವೆಂಬ ನಂಬಿಕೆ ಇದ್ದೇ ಇದೆ. ಬರಗಾಲದಲ್ಲೂ ಹಸಿರಾಗಿರುವ ಮರವೆಂಬ ಕಾರಣವೂ ಸೇರಿಕೊಂಡಿದೆ. ಹರಕೆ ಹೊತ್ತವರು ಬೇವಿನ ಸೊಪ್ಪನ್ನೇ ಉಡುಗೆಯಾಗಿ ಉಟ್ಟು ದೇವಿಯ ಗುಡಿ ಸುತ್ತುವ ಆಚರಣೆಯಲ್ಲೂ ಇದೇ ನಂಬಿಕೆ ಕಾಣುತ್ತದೆ.

ಎತ್ತರ ಕೊಡುವುದು ಕಡ್ಡಿ ಹೂವು. ತೆಂಗಿನ ಗರಿಯ ನರವನ್ನು ಸೀಳಿ ತೆಗೆದ ಕಡ್ಡಿಗಳನ್ನು ಮೊಳಕ್ಕಿಂತ ಚಿಕ್ಕದಾಗಿ ಒಂದೇ ಅಳತೆಗೆ ಕತ್ತರಿಸಿ, ಹೂವಿನ ತೊಟ್ಟಿನ ಕಡೆಯಿಂದ ಚುಚ್ಚಿ ಒಂದರ ಮೇಲೊಂದು ಏರಿಸುತ್ತಾರೆ. ಕೆಳಗೆ ದಪ್ಪ ಚೆಂಡುಹೂವು, ನಡುವೆ ಸೇವಂತಿಗೆ, ತುದಿಗೆ ಬಿಡಿ ಕನಕಾಂಬರ ಹೀಗೆ ಹೂವು ಕಿರಿದಾಗುತ್ತ ಹೋಗುತ್ತದೆ. ಇಂಥ ಕಡ್ಡಿಗಳನ್ನು ಅಕ್ಕಿಯ ಹಾಸಿನಲ್ಲಿ, ಗೋಪುರದ ಬುಡದ ಸುತ್ತ ಸಮ ಅಂತರದಲ್ಲಿ ನಿಲ್ಲಿಸಿ, ತುದಿಗಳನ್ನು ತುಸು ಹೊರಕ್ಕೆ ಬಾಗಿಸುತ್ತಾರೆ. ಬಾಗಿಸುವುದರಲ್ಲಿ ಅಂದವೂ ಇದೆ, ಮುನ್ನೆಚ್ಚರಿಕೆಯೂ ಇದೆ: ಜ್ವಾಲೆ ಗಾಳಿಗೆ ಓಲಾಡಿದರೂ ಹೂವಿಗೆ ತಾಗುವುದಿಲ್ಲ. ಇನ್ನೊಂದು ಉಪಯೋಗ ನಡೆಯುವಾಗ ತಿಳಿಯುತ್ತದೆ. ಹೂವಿನ ಸುತ್ತುಗೋಡೆ ಬಯಲಿನ ಗಾಳಿಯನ್ನು ತಡೆದು, ಹೊಲದ ದಾರಿಯುದ್ದಕ್ಕೂ ದೀಪ ಆರದಂತೆ ಕಾಯುತ್ತದೆ.

ವೀಳ್ಯದೆಲೆಯನ್ನು ಶಂಕುವಿನಾಕಾರಕ್ಕೆ ಸುತ್ತಿ ಲವಂಗ ಚುಚ್ಚಿ ನಿಲ್ಲಿಸುವುದು, ನಿಂಬೆಹಣ್ಣಿನ ಹಾರ, ಗಾಜಿನ ಬಳೆ, ಹಸಿರು ರವಿಕೆ ಬಟ್ಟೆ, ಅರಿಸಿನದ ಕೊಂಬು, ಬಾಳೆಹಣ್ಣು, ತೆಂಗಿನಕಾಯಿ ಇವು ಮನೆಮನೆಗೆ ಬೇರೆಯಾಗುವ ಸೇರ್ಪಡೆಗಳು. ಬಣ್ಣದ ಹೊಂದಿಕೆಗೆ ಬರೆದ ನಿಯಮವಿಲ್ಲ. ಹಳದಿ, ಕೇಸರಿ, ಬಿಳಿ, ಹಸಿರುಗಳ ನಡುವೆ ಬೆಲ್ಲದ ಕಂದು ಗೋಪುರ ಎದ್ದು ಕಾಣುವಂತೆ ಇರಬೇಕೆನ್ನುವುದು ಮಾತ್ರ ಎಲ್ಲರೂ ಪಾಲಿಸುವ ಕ್ರಮ. ಹೂವು ಎಷ್ಟೇ ಇದ್ದರೂ ತಂಬಿಟ್ಟನ್ನು ಪೂರ್ತಿ ಮುಚ್ಚುವುದಿಲ್ಲ, ದೇವಿಗೆ ಒಪ್ಪಿಸುವುದು ಅದನ್ನೇ ಆದ್ದರಿಂದ.

ಹೊರುವುದು, ಒಪ್ಪಿಸುವುದು

ಸಿಂಗರಿಸಿದ ಆರತಿಯನ್ನು ಮನೆದೇವರ ಮುಂದಿಟ್ಟು ದೀಪ ಹಚ್ಚಿ, ಮನೆಯವರೆಲ್ಲ ಕೈಮುಗಿದ ಮೇಲೆ ಹೊರಲು ಎತ್ತುತ್ತಾರೆ. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ತಟ್ಟೆ. ಹೊರುವವರು ಅಂದು ಉಪವಾಸವಿದ್ದು, ಹೊಸ ಅಥವಾ ಮಡಿ ಸೀರೆ ಉಟ್ಟಿರುತ್ತಾರೆ. ಬರಿಗಾಲಲ್ಲಿ ನಡೆಯುತ್ತಾರೆ. ನುರಿತವರು ಕೈ ಬಿಟ್ಟು ನಡೆಯುವುದುಂಟು. ಕತ್ತು ನೆಟ್ಟಗಿದ್ದು ಹೆಜ್ಜೆ ಸಣ್ಣದಿದ್ದರೆ ಆರತಿ ಅಲುಗುವುದಿಲ್ಲ. ಬೀದಿಯ ಆರತಿಗಳೆಲ್ಲ ಒಂದೆಡೆ ಕೂಡಿದ ಮೇಲೆ ಉರುಮೆ, ತಮಟೆಗಳ ಮೇಳದೊಂದಿಗೆ ಸಾಲು ಹೊರಡುತ್ತದೆ. ಎಷ್ಟೋ ಊರುಗಳಲ್ಲಿ ಯಾವ ಮನೆತನದ ಆರತಿ ಮುಂದೆ, ಯಾವುದು ಹಿಂದೆ ಎಂಬ ಕ್ರಮ ತಲೆತಲಾಂತರದಿಂದ ನಿಗದಿಯಾಗಿದೆ. ಈ ಕ್ರಮದಲ್ಲಿ ಊರಿನ ಜಾತಿ, ಮನೆತನಗಳ ಏಣಿಯೂ ಅಡಗಿದೆ. ಕೆಲವು ಸಮುದಾಯಗಳ ಆರತಿಯನ್ನು ಗುಡಿಯ ಹೊರಗೇ ನಿಲ್ಲಿಸುತ್ತಿದ್ದ ಕಾಲವನ್ನು ಈ ಪರಂಪರೆಯ ಚರಿತ್ರೆಯಿಂದ ಅಳಿಸಲಾಗದು. ಒಂದೇ ಅಕ್ಕಿ, ಒಂದೇ ಬೆಲ್ಲದಿಂದ ಕಟ್ಟಿದ ಆರತಿಗಳಿಗೆ ಒಂದೇ ಮರ್ಯಾದೆ ಸಿಗುವುದೇ ನ್ಯಾಯ.

ಗುಡಿಯ ಮುಂದೆ ಆರತಿಯನ್ನು ಇಳಿಸಿ ದೇವಿಗೆ ಮೂರು ಸುತ್ತು ಬೆಳಗುತ್ತಾರೆ. ಪೂಜಾರಿ ತಂಬಿಟ್ಟಿನಲ್ಲಿ ಒಂದು ಪಾಲನ್ನು ಎಡೆಗೆ ತೆಗೆದುಕೊಂಡು ಉಳಿದದ್ದನ್ನು ಮರಳಿಸುತ್ತಾನೆ. ಮನೆಗೆ ಬಂದ ತಂಬಿಟ್ಟನ್ನು ಮುರಿದು, ತೆಂಗಿನಕಾಯಿ, ಬಾಳೆಹಣ್ಣಿನೊಡನೆ ನೆರೆಹೊರೆಗೆ, ನೆಂಟರಿಗೆ ಹಂಚುತ್ತಾರೆ. ಹಸಿ ಹಿಟ್ಟು ಬೇಗ ಹುಳಿಯುವುದರಿಂದ ಅಂದೇ ಹಂಚಿ ಮುಗಿಸುವುದು ಅನಿವಾರ್ಯವೂ ಹೌದು. ಕೂಡಿಡಲಾಗದ ಈ ಸಿಹಿ ಊರ ಮನೆಗಳ ನಡುವೆ ಕೊಡುಕೊಳ್ಳುವಿಕೆಯನ್ನು ತಾನಾಗಿಯೇ ಬೆಳೆಸುತ್ತದೆ.

ಹಾಡು

ಕುಟ್ಟುವಾಗ, ಕಟ್ಟುವಾಗ, ಬೆಳಗುವಾಗ ಒಂದೊಂದಕ್ಕೂ ಹಾಡುಗಳಿವೆ. ಒಬ್ಬರು ಮುಂದಾಳಾಗಿ ಹೇಳಿಕೊಟ್ಟದ್ದನ್ನು ಉಳಿದವರು ಸೊಲ್ಲೆತ್ತಿ ಹಾಡುತ್ತಾರೆ. ಒನಕೆಯ ಪೆಟ್ಟು ಹಾಡಿಗೆ ತಾಳ. ಒರಳು ಮೂಲೆ ಸೇರಿದ ಮೇಲೆ ಕುಟ್ಟುವ ಹಾಡುಗಳು ಮನೆಗಳಿಂದ ಮರೆಯಾಗತೊಡಗಿದವು. ಬೆಳಗುವ ಹಾಡುಗಳು, ಸೋಬಾನೆಗಳು ಇನ್ನೂ ಕೇಳಸಿಗುತ್ತವೆ. ಈ ಸೀಮೆಯ ಹಾಡಿನ ಸಂಪತ್ತಿಗೆ ದೊಡ್ಡ ಸಾಕ್ಷಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿಯದ ಆಕೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದಳು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಹಾಡಿಗೆ ಸಿಕ್ಕ ಇಂಥ ಗಮನ, ಅದೇ ಹೆಂಗಸರ ಕೈಯಲ್ಲಿ ಅರಳುವ ಆರತಿಯ ಕಟ್ಟುವಿಕೆಗೆ ಇನ್ನೂ ಸಿಗಬೇಕಾಗಿದೆ.

ಹತ್ತಿರದ ಬಗೆಗಳು

ತಿನ್ನುವ ಪದಾರ್ಥದಿಂದಲೇ ಆರತಿ ಸಿಂಗರಿಸುವುದು ಕರ್ನಾಟಕದ ಉದ್ದಗಲಕ್ಕೂ ಇದೆ. ಉತ್ತರ ಕರ್ನಾಟಕದಲ್ಲಿ ಕಾರ್ತಿಕ ಮಾಸದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಪ್ರಸಿದ್ಧ. ಸಕ್ಕರೆ ಪಾಕವನ್ನು ಕುದಿಸಿ, ಹಾಲು ಹಾಕಿ ಕಲ್ಮಶ ತೆಗೆದು, ನೀರಿನಲ್ಲಿ ನೆನೆಸಿದ ಮರದ ಜೋಡಿ ಅಚ್ಚುಗಳಿಗೆ ಸುರಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಆನೆ, ಒಂಟೆ, ನವಿಲು, ತೇರು, ಗೋಪುರಗಳು ಗಟ್ಟಿಯಾಗಿ ಅಚ್ಚಿನಿಂದ ಬಿಡುತ್ತವೆ. ಹೆಣ್ಣುಮಕ್ಕಳು ಇವನ್ನು ತಟ್ಟೆಯಲ್ಲಿ ಜೋಡಿಸಿ, ದೀಪವಿಟ್ಟು ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸಕ್ಕರೆ ಆರತಿ ಒಯ್ದು ಕೊಡುವ ಪದ್ಧತಿಯೂ ಇದೆ. ತಂಬಿಟ್ಟಿನ ಆರತಿಯಲ್ಲಿ ಆಕಾರ ಕಟ್ಟುವವರ ಬೆರಳಿನದು; ಸಕ್ಕರೆ ಆರತಿಯಲ್ಲಿ ಅದು ಅಚ್ಚು ಕೆತ್ತಿದ ಬಡಗಿಯದು.

ಹಳೆ ಮೈಸೂರಿನ ಮನೆಗಳಲ್ಲಿ ಮದುವೆ, ಸೀಮಂತ, ನಾಮಕರಣಗಳಿಗೆ ಆರತಿ ತಟ್ಟೆಗಳನ್ನು ಸಿದ್ಧಪಡಿಸುವ ಕಲೆ ಬೆಳೆದಿದೆ. ಕೊಬ್ಬರಿ ಗಿಟುಕಿನ ಕಪ್ಪು ಸಿಪ್ಪೆಯನ್ನು ಹೆರೆದು ಬಿಳುಪು ಕಾಣುವಂತೆ ಬಳ್ಳಿ, ಹೂವು, ಹಂಸಗಳನ್ನು ಕೆತ್ತಿ ಬಣ್ಣ ತುಂಬುತ್ತಾರೆ. ಸಕ್ಕರೆ ಅಚ್ಚು, ಕಲ್ಲುಸಕ್ಕರೆ, ದ್ರಾಕ್ಷಿ, ಗೋಡಂಬಿ, ಮಣಿಗಳಿಂದ ತಟ್ಟೆ ತುಂಬುತ್ತಾರೆ. ಛತ್ರಗಳಲ್ಲಿ ಈಗ ಇಂಥ ತಟ್ಟೆಗಳನ್ನು ಮಂಟಪದ ಪಕ್ಕ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಲು ಇಡುತ್ತಾರೆ.

ನೆರೆಯ ಭಾಷೆಗಳ ನಾಡಿನಲ್ಲೂ ತಂಬಿಟ್ಟಿನ ಬಳಗವಿದೆ. ತೆಲುಗರ ಚಲಿಮಿಡಿ ಒದ್ದೆ ಅಕ್ಕಿಹಿಟ್ಟು, ಬೆಲ್ಲದ್ದೇ. ದೇವಿಯ ನೈವೇದ್ಯಕ್ಕೂ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬಲೂ ಅದು ಬೇಕು. ತಮಿಳರ ಮಾವಿಳಕ್ಕು ಹಿಟ್ಟಿನಲ್ಲೇ ಕುಳಿ ಮಾಡಿ ತುಪ್ಪದ ದೀಪ ಹಚ್ಚುವ ಸೇವೆ. ಮಾರಿಯಮ್ಮನ ಹಬ್ಬಗಳಲ್ಲೂ, ತಮಿಳು ತಿಂಗಳಾದ ಪುರಟ್ಟಾಸಿಯ ಶನಿವಾರಗಳಂದು ವೆಂಕಟೇಶ್ವರನಿಗೂ ಅದನ್ನು ಬೆಳಗುತ್ತಾರೆ. ಗೌರಸಮುದ್ರದಂಥ ಗಡಿಯ ಜಾತ್ರೆಗಳಲ್ಲಿ ಎರಡು ಭಾಷೆಗಳ ಜನ ಒಂದೇ ಬಗೆಯ ಸಿಹಿಯನ್ನು ಒಂದೇ ದೇವಿಗೆ ತರುವುದು ಈ ನಂಟಿನ ಜೀವಂತ ರೂಪ. ತಲೆಯ ಮೇಲೆ ಹೊರುವ ಹೂವಿನ ಗೋಪುರವೆಂಬ ನೆಲೆಯಲ್ಲಿ ಚೈತ್ರ ಹುಣ್ಣಿಮೆಯ ಬೆಂಗಳೂರು ಕರಗವನ್ನೂ ಇದರ ಜೊತೆ ನೆನೆಯಬಹುದು. ತಿಗಳ ಸಮುದಾಯದ ಆ ಉತ್ಸವದಲ್ಲಿ ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಹೊರುವವರು ಗಂಡಸರು.

ಇಂದಿನ ಸ್ಥಿತಿ

ಜಾತ್ರೆಗಳಿಗೆ ಬರುವ ಜನ ಕಡಿಮೆಯಾಗಿಲ್ಲ, ಆರತಿಗಳೂ ಕಡಿಮೆಯಾಗಿಲ್ಲ. ಬದಲಾಗಿರುವುದು ಸಾಮಗ್ರಿ. ಹಿತ್ತಾಳೆಯ ಜಾಗಕ್ಕೆ ಸ್ಟೀಲ್ ತಟ್ಟೆ ಬಂದಿದೆ. ತೆಂಗಿನ ಕಡ್ಡಿಯ ಹೂವಿಗೆ ಬದಲಾಗಿ ಪ್ಲಾಸ್ಟಿಕ್ ಹೂವು, ಥರ್ಮಾಕೋಲಿನ ಮಂಟಪ, ಬಣ್ಣದ ಕಾಗದ, ಬ್ಯಾಟರಿ ದೀಪದ ಸರಗಳು ಪೇಟೆಯಲ್ಲಿ ಸಿಗುತ್ತವೆ. ನಿಜವಾದ ಬೆಂಕಿಯ ಪಕ್ಕದಲ್ಲಿ ಇವು ಅಪಾಯಕಾರಿ. ಹಸಿ ಹೂವು ಕಾವಿಗೆ ಬಾಡುತ್ತದೆ ಅಷ್ಟೇ. ಥರ್ಮಾಕೋಲ್ ಕರಗಿ ಹೊತ್ತಿಕೊಳ್ಳುತ್ತದೆ, ಅದರ ಹೊಗೆ ಉಸಿರಿಗೆ ಕೆಡುಕು. ತಂಬಿಟ್ಟಿಗೆ ತಾಗಿದ ಮಿನುಗು ಪುಡಿ ಪ್ರಸಾದದೊಡನೆ ಹೊಟ್ಟೆ ಸೇರುತ್ತದೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ತಂಬಿಟ್ಟಿನ ಆರತಿಯ ಮೂಲ ರೂಪಕ್ಕೆ ಈ ಕಾನೂನಿನ ಅಗತ್ಯವೇ ಬೀಳದು: ಅಕ್ಕಿಯ ಹಾಸು ಅಡುಗೆಗೆ, ತಂಬಿಟ್ಟು ಪ್ರಸಾದಕ್ಕೆ, ಹೂವು, ಬೇವು, ಕಡ್ಡಿ ತಿಪ್ಪೆಗೆ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ.

ಶಾಲೆ, ಮಹಿಳಾ ಸಂಘ, ದಸರಾ ಕಾರ್ಯಕ್ರಮಗಳಲ್ಲಿ ಆರತಿ ತಟ್ಟೆ ಸ್ಪರ್ಧೆಗಳು ಸಾಮಾನ್ಯವಾಗಿವೆ. ಇಲ್ಲಿ ಹೊಳಪಿಗೆ ಬಹುಮಾನ ಕೊಡುವ ಬದಲು ತಂಬಿಟ್ಟಿನ ಹದ, ದೀಪ ಉರಿದ ಹೊತ್ತು, ತಟ್ಟೆಯ ಸಮತೋಲ, ಹಸಿ ಹೂವಿನ ಜೋಡಣೆಗಳಿಗೆ ಅಂಕ ಕೊಟ್ಟರೆ ಕಲಿಯುವ ಹುಡುಗಿಯರಿಗೆ ಕೈಕೆಲಸದ ತಿರುಳೇ ದಾಟುತ್ತದೆ. ಹುಡುಗರು ಕಲಿಯಬಾರದೆಂಬುದಕ್ಕೆ ಕಾರಣವಿಲ್ಲ. ಪಟ್ಟಣಗಳ ಮನೆಗಳಲ್ಲೂ ಹಬ್ಬ, ಸೀಮಂತ, ಹುಟ್ಟುಹಬ್ಬಗಳ ಊಟದ ಮೇಜಿನ ನಡುವೆ ಸಣ್ಣ ಅಳತೆಯ ತಂಬಿಟ್ಟಿನ ಆರತಿಯನ್ನು ಇಡಬಹುದು. ಒಂದು ಪಾವು ಅಕ್ಕಿಯ ಹಿಟ್ಟು, ಅದರ ಮುಕ್ಕಾಲು ಭಾಗ ಬೆಲ್ಲ, ಒಂದು ಹೂಬತ್ತಿ, ಎರಡು ಚಮಚ ತುಪ್ಪ, ಒಂದು ಹಿಡಿ ಹೂವು ಸಾಕು. ಊಟಕ್ಕೆ ಕುಳಿತಾಗ ಹಚ್ಚಿದ ದೀಪ ಆರಿದ ಮೇಲೆ ಅದೇ ಸಿಹಿಯನ್ನು ಮುರಿದು ಎಲ್ಲರಿಗೂ ಬಡಿಸಬಹುದು.

ತಂಬಿಟ್ಟಿನ ಆರತಿಯನ್ನು ಜನಪದ ಕಲೆಗಳ ಪಟ್ಟಿಯಲ್ಲಿ ಆಚರಣೆಯ ಒಂದು ಅಂಗವೆಂದಷ್ಟೇ ಹೆಸರಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಹಿಟ್ಟಿನ ತೇವ, ಬೆಲ್ಲದ ಅಂಟು, ಬೆಂಕಿಯ ಕಾವು, ಗಾಳಿಯ ದಿಕ್ಕು, ತಲೆಯ ಮೇಲಿನ ಭಾರ ಇವೆಲ್ಲವನ್ನೂ ಅರಿತು ಕಟ್ಟುವ ಈ ಕೆಲಸ ಪೂರ್ಣ ಪ್ರಮಾಣದ ಶಿಲ್ಪಕಲೆ. ಊರೂರಿನ ಅಳತೆ, ಹೂವಿನ ಕ್ರಮ, ಹಾಡು, ಪದಗಳನ್ನು ಕಟ್ಟುವವರ ಹೆಸರಿನೊಂದಿಗೇ ದಾಖಲಿಸುವುದು ಈಗ ಆಗಬೇಕಾದ ಕೆಲಸ. ಒರಳಿನಲ್ಲಿ ಕುಟ್ಟಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮುಂದಿನ ಜಾತ್ರೆಯ ಹಿಂದಿನ ದಿನ ಅವರ ಪಕ್ಕದಲ್ಲಿ ಕುಳಿತರೆ ಈ ಕಲೆಯ ಬಹುಪಾಲು ಕಲಿಯಲು ಸಿಗುತ್ತದೆ.